ಸೋಮವಾರದ ಹನಿ ಎಣ್ಣೆ

ದೊಡ್ಡವ್ವನ ಮೂಗಿನ ಮೇಲೆ ಬಿಳಿ ಹರಳಿನ ಒಂದು ಮೂಗುಬೊಟ್ಟು, ಅದರ ಪಕ್ಕದಲ್ಲೇ ಗ್ರೀಸಿನ ಒಂದು ಕರಿ ಗೆರೆ. ಎರಡೂ ಹುಟ್ಟಿನಿಂದಲೇ ಬಂದವೇನೋ ಅನ್ನುವಷ್ಟು ಒಟ್ಟಿಗೆ ಇರುತ್ತಿದ್ದವು. ಕೆಲಸದ ನಡುವೆ ಮೂಗು ತುರಿಸಿದರೆ ಕೈ ಒರೆಸಿಕೊಳ್ಳುವಷ್ಟು ಪುರುಸೊತ್ತು ಅವಳಿಗಿಲ್ಲ, ಮುಂಗೈಯಿಂದ ಒಮ್ಮೆ ತಿಕ್ಕಿ ಬಿಡುತ್ತಿದ್ದಳು. ಬೆಳಿಗ್ಗೆ ಮೂಗಿನ ಪಕ್ಕ ಹುಟ್ಟಿದ ಗೆರೆ ಸಂಜೆ ಅಂಗಡಿ ಬಾಗಿಲು ಎಳೆಯುವ ಹೊತ್ತಿಗೆ ಕೆನ್ನೆ ದಾಟಿ ಕಿವಿಯ ಕಡೆ ಹೊರಟಿರುತ್ತಿತ್ತು. ಹರಳಿಗೆ ಮಾತ್ರ ಒಂದು ದಿನವೂ ಮಸಿ ಹತ್ತಿದ್ದನ್ನು ನಾನು ಕಾಣೆ.

ಅವಳು ನನಗೆ ರಕ್ತಸಂಬಂಧಿಯಲ್ಲ. ಕೊಟ್ಟೂರಿನಲ್ಲಿ ಕೂಡ್ಲಿಗಿ ಕಡೆ ಹೋಗುವ ರಸ್ತೆಯಲ್ಲಿ ಅವಳ ಸೈಕಲ್ ಅಂಗಡಿಗೂ ನನ್ನ ಹೊಲಿಗೆ ಅಂಗಡಿಗೂ ನಡುವೆ ಇದ್ದದ್ದು ಒಂದೇ ಗೋಡೆ. ನನಗಿಂತ ತೀರ ಹಿರಿಯಳು, ಹಾಗಾಗಿ ಮೊದಲ ದಿನವೇ ದೊಡ್ಡವ್ವ ಅಂದೆ, ಅವಳೂ ಓಗೊಟ್ಟಳು. ತವರು ಹೊಳೆದಂಡೆಯ ಹಲವಾಗಲು. ಸಿಟ್ಟು ಬಂದಾಗ ಮಾತೆಲ್ಲ ಹರಪನಹಳ್ಳಿ ಕಡೆ ತಿರುಗುತ್ತಿತ್ತು, ಸಿಟ್ಟು ದಿನಕ್ಕೆ ಹತ್ತು ಸಲ ಬರುತ್ತಿತ್ತು.

ಅಂಗಡಿ ಮೊದಲು ಅವಳ ಗಂಡನದು. ಅವರಿಗೆ ಹಗರಿಬೊಮ್ಮನಹಳ್ಳಿಯ ಒಂದು ಆಫೀಸಿನಲ್ಲಿ ಅಟೆಂಡರ್ ನೌಕರಿ ಸಿಕ್ಕಿದಾಗ ಸಾಮಾನೆಲ್ಲ ಮಾರಿ ಅಂಗಡಿ ಮುಚ್ಚೋಣವೆಂದರಂತೆ. "ನೌಕರಿ ನಿಮಗ ಬಂದೈತಿ, ಅಂಗಡಿಗೆ ಬಂದಿಲ್ಲ" ಅಂದಳಂತೆ ಇವಳು. ಮರುದಿನ ಅವರು ಬಸ್ಸು ಹತ್ತಿದರು, ಇವಳು ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ ಅವರ ಮರದ ಪೆಟ್ಟಿಗೆಯ ಮೇಲೆ ಕುಳಿತಳು. ಗಂಡ ಕೆಲಸ ಮಾಡುವಾಗ ಪಕ್ಕದಲ್ಲಿ ಕೂತು ಸ್ಪ್ಯಾನರ್ ಎತ್ತಿಕೊಡುತ್ತಲೇ ಎಲ್ಲ ಕಲಿತಿದ್ದಳು. ಹಳ್ಳಿಯಿಂದ ಬಂದವರು ಹೆಂಗಸನ್ನು ನೋಡಿ, "ಯಜಮಾನ್ರು ಎಲ್ಲಿ ಹೋಗ್ಯಾರ್ರಿ?" ಅಂತ ಬಾಗಿಲಲ್ಲೇ ನಿಲ್ಲುವುದಿತ್ತು. "ಆಫೀಸಿಗೆ ಹೋಗ್ಯಾರ. ನಿನ್ನ ಸೈಕಲ್ಲಿಗೆ ಏನಾಗೈತಿ ಅದನ್ನ ಹೇಳು" ಅನ್ನುತ್ತಿದ್ದಳು. ಎರಡನೇ ಸಲ ಬಂದವರು ಯಜಮಾನರನ್ನು ಕೇಳುತ್ತಿರಲಿಲ್ಲ.

ಅವಳಿಗೊಂದು ಹಟವಿತ್ತು. ಯಾವ ಸ್ಕ್ರೂ ಆಗಲಿ, ಎಷ್ಟೇ ಸಣ್ಣದಾಗಲಿ, ಎಷ್ಟೇ ಗಡಿಬಿಡಿ ಇರಲಿ, ಅದರ ಮೈಮೇಲಿನ ಸುತ್ತುಗೆರೆಗೆ, ಅಂದರೆ ಮರೆಗೆ, ಒಂದು ಚೂರು ಗ್ರೀಸು ಸವರದೆ ತಿರುಗಿಸುತ್ತಿರಲಿಲ್ಲ. ಬಸ್ಸಿಗೆ ಹೊತ್ತಾಯಿತೆಂದು ಗಿರಾಕಿ ಕುಣಿಯುತ್ತಿದ್ದರೂ ಅಷ್ಟೇ. "ನಾಳಿ ಇದನ್ನ ಬಿಚ್ಚೋರು ಯಾರೋ ಏನೋ. ಅವರ ಕೈ ನೋಯಬಾರದು" ಅನ್ನುವುದು ಅವಳ ಮಾತು.

"ಬಿಚ್ಚಾಕಿ ನೀನೇ ಅಲ್ಲೇನು ದೊಡ್ಡವ್ವ? ಈ ರಸ್ತೆದಾಗ ಬ್ಯಾರೆ ಯಾರು ಬಿಚ್ತಾರ?" ಎಂದು ನಾನು ಕಾಡಿಸುತ್ತಿದ್ದೆ.

"ನಾ ಏನ್ ಇಲ್ಲೇ ಗೂಟ ಹೊಡಕೊಂಡು ಕುಂತಿರ್ತೀನೇನು? ನಿನ್ನ ರವಿಕಿ ನೀ ಹೊಲಿ."

ಅವಳ ಇನ್ನೊಂದು ಅಭ್ಯಾಸ ನನ್ನ ಅಂಗಡಿಗೆ ಸಂಬಂಧಪಟ್ಟದ್ದು. ಸೋಮವಾರ ತಲೆಸ್ನಾನ ಮಾಡಿ, ಹಣೆಗೆ ವಿಭೂತಿ ಹಚ್ಚಿಕೊಂಡು, ಅಂಗಡಿ ತೆರೆಯುವ ಮುಂಚೆ ನನ್ನ ಮಷೀನಿನ ಹತ್ತಿರ ಬಂದು ಕಿರುಬೆರಳು ಚಾಚುತ್ತಿದ್ದಳು. "ಒಂದು ಹನಿ ಎಣ್ಣಿ ಹಾಕು." ಹೊಲಿಗೆ ಮಷೀನಿಗೆ ಬಿಡುವ ತೆಳ್ಳನೆಯ ಎಣ್ಣೆ ಅದು. "ಡಬ್ಬಿಗಟ್ಟಲೆ ಎಣ್ಣಿ ಇಟ್ಕೊಂಡು ನನ್ನ ಹತ್ರ ಬೇಡಾಕ ಬರ್ತೀಯಲ್ಲ" ಅಂದರೆ, "ನಂದು ದಪ್ಪ ಎಣ್ಣಿ. ನಿಂದು ಸಣ್ಣದು, ಸಣ್ಣ ಕೆಲಸಕ್ಕ ಬೇಕು" ಅಂದು, ಹನಿ ಜಾರದಂತೆ ಬೆರಳು ನೆಟ್ಟಗೆ ಹಿಡಿದುಕೊಂಡು ತನ್ನ ಅಂಗಡಿಯೊಳಗೆ ಹೋಗುತ್ತಿದ್ದಳು. ಯಾವ ಸಣ್ಣ ಕೆಲಸ ಅಂತ ನಾನು ಕೇಳಲಿಲ್ಲ. ನನಗೆ ನನ್ನ ಗುಂಡಿ ಕಾಜಗಳ ಚಿಂತೆ.

ಈಗ ನನ್ನ ಅಪ್ಪನ ಸೈಕಲ್ಲಿನ ಕಥೆ ಹೇಳಬೇಕು. ಅಪ್ಪ ಹೈಸ್ಕೂಲಿನಲ್ಲಿ ಜವಾನನಾಗಿದ್ದು ನಿವೃತ್ತನಾದವನು. ನೌಕರಿ ಸೇರಿದಾಗ ಕೊಂಡ ಹಳೆಯ ಸೈಕಲ್ಲನ್ನು ಮನೆಯ ಎತ್ತಿನಂತೆ ನೋಡಿಕೊಂಡಿದ್ದ. ಅದಕ್ಕೆ ಪೂರ್ತಿ ಚೈನ್ ಕವರ್ ಇತ್ತು. ಅಂದರೆ ಚೈನು, ಪೆಡಲಿನ ದೊಡ್ಡ ಹಲ್ಲುಚಕ್ರ, ಹಿಂದಿನ ಗಾಲಿಯ ಸಣ್ಣ ಹಲ್ಲುಚಕ್ರ ಎಲ್ಲವೂ ತಗಡಿನ ಪೆಟ್ಟಿಗೆಯೊಳಗೆ ಮುಚ್ಚಿಕೊಂಡಿದ್ದವು. ಆಯುಧ ಪೂಜೆ ಬಂತೆಂದರೆ ಅಪ್ಪ ಸೈಕಲ್ಲನ್ನು ತೊಳೆದು, ಮೇಲಿಂದ ಕೆಳಗಿನ ತನಕ ಬೆಳ್ಳಿ ಬಣ್ಣ ಬಳಿದು, ಅದು ಆರುವ ಮುಂಚೆಯೇ ವಿಭೂತಿ ಕಲಸಿ ಮೂರು ಬೆರಳಿನಿಂದ ಎಳೆಯುತ್ತಿದ್ದ. ಹ್ಯಾಂಡಲ್ಲಿಗೆ, ಸೀಟಿನ ಕೆಳಗೆ, ಚೈನ್ ಕವರಿಗೆ. ಸ್ಕ್ರೂಗಳ ತಲೆಗೆ ಮಾತ್ರ ಒಂದೊಂದು ಕುಂಕುಮದ ಬೊಟ್ಟು, ಒತ್ತಿ ಒತ್ತಿ ಇಡುತ್ತಿದ್ದ. ವರ್ಷದ ಮೇಲೆ ವರ್ಷ ಬಣ್ಣ, ವಿಭೂತಿ, ಕುಂಕುಮ ಪದರಗಟ್ಟಿ ಸ್ಕ್ರೂ ತಲೆಯ ಗೀರೇ ಕಾಣದಂತಾಗಿತ್ತು.

ನಮ್ಮ ಕಡೆ ಇದು ಅಪ್ಪನೊಬ್ಬನ ಭಕ್ತಿಯಲ್ಲ. ಹಬ್ಬ ಮುಗಿದ ಮೇಲೆ ದೊಡ್ಡವ್ವನ ಅಂಗಡಿಗೆ ಬರುವ ಸೈಕಲ್ಲುಗಳೆಲ್ಲ ಹೀಗೆಯೇ ಇರುತ್ತಿದ್ದವು, ಅವಳು ಪಿನ್ನು ಹಿಡಿದು ಕೆರೆಯುತ್ತ ಕೂಡುತ್ತಿದ್ದಳು. "ದೇವರಿಗೆ ಮಾಡೋ ಪೂಜಿ ದೇವರಿಗೆ ಮಾಡ್ರಿ. ಈ ಸ್ಕ್ರೂ ನಿಮಗ ಏನ್ ಮಾಡಿತ್ತು?" ಎಂದು ಬೈಯುತ್ತಿದ್ದಳು. ಅಪ್ಪನಿಗೂ ಹೇಳಿ ಸಾಕಾಗಿದ್ದಳು. ಅಪ್ಪ, "ಯಕ್ಕ, ತುಕ್ಕು ಹಿಡೀಬಾರದು ಅಂತ ಹಚ್ಚೀನಿ" ಎಂದು ನಗುತ್ತಿದ್ದ. ಒಮ್ಮೆ ಅವಳ ಬೈಗುಳಕ್ಕೆ ಅಂಜಿ ಕವರಿನ ಸ್ಕ್ರೂಗಳನ್ನು ತಾನೇ ಬಿಚ್ಚಿ ಸ್ವಚ್ಛ ಮಾಡಲು ಹೋಗಿ, ತರಕಾರಿ ಹೆಚ್ಚುವ ಚಾಕುವಿನಿಂದ ತಿರುವಿ, ಹಿಂದಿನ ಸ್ಕ್ರೂವಿನ ಗೀರನ್ನು ಸವೆಸಿ ಬೋಳು ಮಾಡಿ, ಯಾರಿಗೂ ಕಾಣದಿರಲೆಂದು ಮತ್ತೆ ಅದರ ಮೇಲೆ ಬೆಳ್ಳಿ ಬಣ್ಣ ಬಳಿದಿದ್ದ. ಇದು ನಮಗೆ ಗೊತ್ತಾದದ್ದು ನನ್ನ ಬೆರಳು ಆ ಕವರಿನೊಳಗೆ ಸಿಕ್ಕಿಕೊಂಡ ದಿನ.

ಮದುವೆಗಳ ಕಾಲ. ಅಂಗಡಿಯಲ್ಲಿ ಹೊಲಿಯದ ರವಿಕೆಗಳ ರಾಶಿ. ಮಧ್ಯಾಹ್ನದ ಬಿಸಿಲಿನಲ್ಲಿ ಅಪ್ಪ ಸೈಕಲ್ ತಳ್ಳಿಕೊಂಡು ಬಂದು ಚೈನು ಕಳಚಿದೆ ಅಂದ. ದೊಡ್ಡವ್ವ ಊಟಕ್ಕೆ ಹಿಂದಿನ ಓಣಿಯ ಮನೆಗೆ ಹೋಗಿದ್ದಳು. ವರ್ಷಗಟ್ಟಲೆ ಪಕ್ಕದಲ್ಲಿ ಕೂತು ನೋಡಿದ ನನಗೆ ಚೈನು ಹಾಕುವುದು ಯಾವ ಮಹಾ ವಿದ್ಯೆ? ಕವರಿನ ಹಿಂದಿನ ತುದಿಯ ಪುಟ್ಟ ಮುಚ್ಚಳ ಎಂದೋ ಬಿದ್ದುಹೋಗಿತ್ತು. ಆ ತೂತಿನಲ್ಲಿ ಬಲಗೈಯ ತೋರುಬೆರಳು ಹಾಕಿ, ಚೈನನ್ನು ಹಲ್ಲಿನ ಮೇಲೆ ಎತ್ತಿ ಕೂಡಿಸುತ್ತಿದ್ದೆ. ಅಂಗಡಿ ಮುಂದಿನ ನೆಲ ಇಳಿಜಾರು. ಸ್ಟ್ಯಾಂಡು ಜಾರಿತು, ಹಿಂದಿನ ಗಾಲಿ ನೆಲಕ್ಕೆ ತಾಕಿ ಸೈಕಲ್ಲು ಒಂದಿಷ್ಟು ಹಿಂದಕ್ಕೆ ಉರುಳಿತು. ಅಷ್ಟೇ. ಚೈನು ನನ್ನ ಬೆರಳನ್ನು ಹಲ್ಲಿನ ಮೇಲೆ ಎಳೆದುಕೊಂಡು ನಿಂತಿತು.

ಮೊದಲು ನೋವೇ ತಿಳಿಯಲಿಲ್ಲ. ಬೆರಳು ನನ್ನ ಕೈಗೆ ವಾಪಸ್ ಬರುತ್ತಿಲ್ಲ ಅನ್ನುವುದಷ್ಟೇ ತಿಳಿಯಿತು. ಆಮೇಲೆ ನೋವು ಮೊಣಕೈ ತನಕ ಏರಿತು, ನಾನು ಕೂಗಿದ ಕೂಗಿಗೆ ಎದುರಿನ ಚಹದಂಗಡಿಯವರೆಲ್ಲ ಎದ್ದು ಬಂದರು. ಅಪ್ಪ ಪೆಡಲು ಒತ್ತಿ ನೋಡಿದ, ಅದು ಅಲುಗಲಿಲ್ಲ. ಚೈನು ಎಲ್ಲೋ ಒಳಗೆ ಅಡ್ಡ ಸಿಕ್ಕಿತ್ತು. ತೂತಿನಿಂದ ರಕ್ತ ಬೆಳ್ಳಿ ಬಣ್ಣದ ಮೇಲೆ ಇಳಿಯತೊಡಗಿತು. ಅಪ್ಪ ನನ್ನ ಮಣಿಕಟ್ಟು ಹಿಡಿದು ಎಳೆಯಲು ಹೋದ.

"ಎಳೀಬ್ಯಾಡ್ರಿ! ಯಾರೂ ಎಳೀಬ್ಯಾಡ್ರಿ!"

ದೊಡ್ಡವ್ವ. ಉಂಡ ಕೈ ಇನ್ನೂ ತೊಳೆದಿರಲಿಲ್ಲ. ಬಂದವಳೇ ಅಪ್ಪನ ಕೈಯ ಮೇಲೆ ಒಂದೇಟು ಹಾಕಿದಳು. ಊರಲ್ಲಿ ಮರ್ಯಾದೆಯಿದ್ದ ಮನುಷ್ಯ, ಜನರೆದುರು ಏಟು ತಿಂದು ಸುಮ್ಮನೆ ಹಿಂದೆ ಸರಿದ. ಅವಳು ನೆಲಕ್ಕೆ ಕುಕ್ಕರಿಸಿ ತೂತಿನಲ್ಲಿ ಇಣುಕಿದಳು. ಒಳಗೆ ಕತ್ತಲೆ, ರಕ್ತ, ಗ್ರೀಸು, ಏನೂ ಕಾಣದು. ಯಾವನೋ ಬೈಕಿನವನು ಮೊಬೈಲು ಹಿಡಿದು ವಿಡಿಯೊ ಮಾಡುತ್ತಿದ್ದ. ತಲೆ ಎತ್ತದೆಯೇ ಅಂದಳು: "ಲೇ, ಅದರಾಗ ಬ್ಯಾಟ್ರಿ ಐತಲ್ಲ, ಹಚ್ಚಿ ಇಲ್ಲಿ ಬೆಳಕು ಹಿಡಿ. ಇಲ್ಲಾಂದ್ರ ಹಾದಿ ಹಿಡಿ." ಅವನು ವಿಡಿಯೊ ಬಿಟ್ಟು ಟಾರ್ಚು ಹಚ್ಚಿ ಪಕ್ಕದಲ್ಲಿ ಕುಳಿತ.

ಯಾರೋ ಗಾಲಿಯ ನಟ್ಟು ಸಡಿಲಿಸಿ ಅಂದರು. ಇನ್ನೊಬ್ಬರು ವೆಲ್ಡಿಂಗ್ ಅಂಗಡಿಯಿಂದ ಕಟರ್ ತರಿಸಿ ಕವರು ಕೊಯ್ಯೋಣ ಅಂದರು.

"ತಗಡು ಕೊಯ್ದರ ಒಳಗ ಮಡಚಿ ಬೆರಳಿಗೇ ಹೊಡಿತೈತಿ. ನಟ್ಟು ಬಿಚ್ಚಿದರ ಗಾಲಿ ಯಾವ ಕಡಿ ಸರೀತೈತೋ ಯಾರಿಗೆ ಗೊತ್ತು? ಒಳಗ ಏನಾಗೈತಿ ಅಂತ ಕಣ್ಣಿಗೆ ಕಾಣೋ ತನಕ ಏನೂ ಅಲುಗಿಸಾಂಗಿಲ್ಲ. ಮೊದಲು ಈ ಕವರ್ ಕಳಚಬೇಕು."

ಕವರಿನ ಹಿಂದಿನ ತುಂಡನ್ನು ಹಿಡಿದಿದ್ದದ್ದು ಎರಡು ಸ್ಕ್ರೂ. ಮೇಲಿನದು ಸ್ವಲ್ಪ ಗೊಣಗಿ ಬಂತು. ಕೆಳಗಿನದಕ್ಕೆ ಸ್ಕ್ರೂ ಡ್ರೈವರ್ ಇಟ್ಟು ತಿರುಗಿಸಿದಳು, ಜಾರಿತು. ಇನ್ನೊಮ್ಮೆ ಇಟ್ಟಳು, ಮತ್ತೆ ಜಾರಿತು. ಬಣ್ಣದ ಹೆಕ್ಕಳಿಕೆ ಎದ್ದು ಬಂದು ಕೆಳಗೆ ಬೋಳು ತಲೆ ಹೊಳೆಯಿತು. ದೊಡ್ಡವ್ವ ಅಪ್ಪನ ಮುಖ ನೋಡಿದಳು. ಅವಳು ಕೇಳುವ ಮುಂಚೆಯೇ ಅಪ್ಪ, "ಚಾಕು ಹಾಕಿದ್ದೆ ಯಕ್ಕ" ಅಂದ. ಅವಳು ಬೈಯಲಿಲ್ಲ. ಅವಳು ಬೈಯದೆ ಇದ್ದದ್ದೇ ನನಗೆ ಹೆಚ್ಚು ಹೆದರಿಕೆ ತಂದಿತು. ಹೊಲಿಗೆಯವಳಿಗೆ ಬಲಗೈ ತೋರುಬೆರಳು ಹೋದರೆ ಉಳಿಯುವುದೇನು? ಸೂಜಿ ಹಿಡಿಯುವುದು ಅದು, ಮಷೀನಿನ ಕಾಲಿನ ಕೆಳಗೆ ಬಟ್ಟೆ ಸರಿಸುವುದು ಅದು. ಕಣ್ಣ ಮುಂದೆ ನನ್ನ ಮಷೀನಿನ ಮೇಲೆ ಅರ್ಧ ಹೊಲಿದ ಹಸಿರು ರವಿಕೆ ಕಾಣುತ್ತಿತ್ತು.

"ದೊಡ್ಡವ್ವ, ಬೆರಳು ಹೋಗತೈತೇನು?" ಅಂದೆ.

"ಹೋಗಾಕ ನಾ ಬಿಡಬೇಕಲ್ಲ. ಪಿನ್ನು ಎಲ್ಲಿ ಅದಾವ ನಿನ್ನವು?"

ಹೊಲಿಯುವವಳ ಕುಪ್ಪಸದ ಅಂಚಿನಲ್ಲಿ ಗುಂಡುಪಿನ್ನು ಇದ್ದೇ ಇರುತ್ತವೆ. ಅವಳೇ ಒಂದನ್ನು ಕಿತ್ತುಕೊಂಡು ಸ್ಕ್ರೂ ತಲೆಯ ಗೀರಿನಲ್ಲಿ ಉಳಿದಿದ್ದ ಬಣ್ಣ, ವಿಭೂತಿ ಎಲ್ಲ ಕೆದರಿ ಊದಿದಳು. ಅಪ್ಪನನ್ನು ಅಟ್ಟಿ ನನ್ನ ಮಷೀನಿನ ಎಣ್ಣೆ ತರಿಸಿದಳು. ತಲೆಯ ಸುತ್ತ ಹನಿಸಿ, ಸುಮ್ಮನೆ ಕೈಕಟ್ಟಿ ಕುಳಿತಳು.

"ಏನ್ ಕುಂತೀಯಬೇ, ತಿರುಗಿಸು!" ಅಂತ ಯಾರೋ ಚೀರಿದರು.

"ಎಣ್ಣಿ ಇಳೀಲಿ."

ಆ ಕಾಯುವಿಕೆಯನ್ನು ಈಗ ನೆನೆದರೂ ನನ್ನ ಬೆನ್ನು ಬೆವರುತ್ತದೆ. ನೊಣ ಬಂದು ರಕ್ತದ ಮೇಲೆ ಕೂತದ್ದು, ಬೈಕಿನವನು ಹಿಡಿದ ಬೆಳಕು ಅತ್ತಿತ್ತ ಸರಿದದ್ದು, ಕೂಡ್ಲಿಗಿ ಬಸ್ಸು ಹಾರ್ನು ಹೊಡೆಯುತ್ತ ಹೋದದ್ದು ಎಲ್ಲ ನೆನಪಿದೆ. ದೊಡ್ಡವ್ವ ನನ್ನ ಎಡಗೈಯನ್ನು ತನ್ನ ಮೊಣಕಾಲ ಮೇಲೆ ಇಟ್ಟುಕೊಂಡಳು.

"ಈಗ ಇದರ ತಲಿಮ್ಯಾಲೆ ಬಡೀತೀನಿ. ಜಂಗು ಬಿಡಬೇಕಂದ್ರ ಬಡೀಲೇಬೇಕು. ನಿನಗ ನೋಯತೈತಿ. ಕೈ ಅಲುಗಿಸಬ್ಯಾಡ, ನನ್ನ ಬೈ."

"ಏನಂತ ಬೈಲಿ?"

"ಏನರ ಬೈ. ಬಾಯಿ ಬರತೈತಲ್ಲ ನಿನಗ."

ಸ್ಕ್ರೂ ಡ್ರೈವರಿನ ತುದಿಯನ್ನು ಗೀರಿನಲ್ಲಿ ನಿಲ್ಲಿಸಿ ಸುತ್ತಿಗೆಯಿಂದ ಮೆಲ್ಲಗೆ ಒಂದು ಏಟು ಹಾಕಿದಳು. ಏಟು ಬಿದ್ದದ್ದು ಸ್ಕ್ರೂವಿಗೆ, ನೋವು ಹತ್ತಿದ್ದು ನನ್ನ ನೆತ್ತಿಗೆ. "ನಿನ್ನ ಅಂಗಡಿಗೆ ಬೆಂಕಿ ಬೀಳ!" ಎಂದು ಕಿರುಚಿದೆ. ಇನ್ನೊಂದು ಏಟು. "ನಿನ್ನ ಕೈ ಸೇದಿಹೋಗ!" ಮತ್ತೊಂದು. ನನ್ನವ್ವ, ಅಜ್ಜಿ ಯಾರಿಗೋ ಬೈದದ್ದನ್ನು ಕೇಳಿ ಕಲಿತದ್ದೆಲ್ಲ ಬಾಯಿಗೆ ಬಂತು. ದೊಡ್ಡವ್ವ ಕಣ್ಣು ಸ್ಕ್ರೂವಿನಿಂದ ತೆಗೆಯದೆ, "ಇಷ್ಟೇ ಏನು? ಮೊನ್ನಿ ಕಾಜ ಕೆಟ್ಟಾಗ ಮಷೀನಿಗೆ ಇದಕ್ಕಿಂತ ಚಲೋ ಬೈದಿದ್ದಿ" ಅಂದಳು. ಸುತ್ತ ನಿಂತವರಲ್ಲಿ ಯಾರಿಗೋ ನಗು ಬಂತು. ಅಪ್ಪ ಗೋಡೆಯ ಕಡೆ ಮುಖ ಮಾಡಿ ಅಳುತ್ತಿದ್ದ.

ಆಮೇಲೆ ಹಳೆಯ ಟ್ಯೂಬಿನಿಂದ ಉಗುರಿನಷ್ಟು ರಬ್ಬರ್ ಕತ್ತರಿಸಿ ಸ್ಕ್ರೂ ತಲೆಯ ಮೇಲಿಟ್ಟು, ಅದರ ಮೇಲೆ ಸ್ಕ್ರೂ ಡ್ರೈವರ್ ಒತ್ತಿದಳು. ಸವೆದ ಗೀರಿನಲ್ಲಿ ರಬ್ಬರು ಕಚ್ಚಿಕೊಂಡರೆ ಜಾರುವುದಿಲ್ಲವಂತೆ. ಎದೆಯ ಭಾರವನ್ನೆಲ್ಲ ಅದರ ಹಿಡಿಯ ಮೇಲೆ ಹಾಕಿ ತಿರುಗಿಸತೊಡಗಿದಳು. ಬಲಕ್ಕೆ.

ಅಪ್ಪನಿಗೆ ಅಷ್ಟು ಗೊತ್ತಿತ್ತು. ಗೋಡೆ ಬಿಟ್ಟು ಓಡಿಬಂದ. "ಯಕ್ಕ! ಬಿಗೀತೀಯಲ್ಲ! ಬಿಚ್ಚೋದು ಬಿಟ್ಟು ಬಿಗೀತೀಯಲ್ಲ!"

"ಸುಮ್ಕಿರು ತಮ್ಮಾ."

"ಹುಡುಗಿ ಬೆರಳು ಒಳಗ ಐತಿ, ನೀ ಇನ್ನೂ ಬಿಗಿ ಮಾಡಾಕತ್ತೀದಿ, ತಲಿ ಕೆಟ್ಟೈತೇನು ನಿನಗ!" ಅವಳ ಭುಜ ಹಿಡಿದು ಅಲುಗಿಸಿಬಿಟ್ಟ. ಚಹದಂಗಡಿಯವರು ಅವನನ್ನು ಹಿಂದಕ್ಕೆಳೆದರು. ಕಟರ್ ತರಲು ಹೋದವನು ಬಂದು ನಿಂತಿದ್ದ. ಜನರೆಲ್ಲ ಒಂದೇ ಬಾಯಲ್ಲಿ ಕೊಯ್ಯಿರಿ ಅನ್ನತೊಡಗಿದರು. ನನಗೂ ಹಾಗೇ ಅನ್ನಿಸಿತು, ಸುಳ್ಳು ಯಾಕೆ ಹೇಳಲಿ. ಬೆರಳು ಹೋದರೆ ಹೋಗಲಿ, ಇದು ಮುಗಿಯಲಿ.

ದೊಡ್ಡವ್ವ ತಲೆ ಎತ್ತಿ ನನ್ನನ್ನು ಮಾತ್ರ ನೋಡಿದಳು. ಮೂಗಿನ ಪಕ್ಕದ ಗ್ರೀಸಿನ ಗೆರೆಯ ಮೇಲೆ ಬೆವರು ಇಳಿಯುತ್ತಿತ್ತು. "ಹಿಡಕೊಂಡಿದ್ದನ್ನ ಎದುರಾ ಎದುರಾ ಬಿಚ್ಚಾಕ ಹೋದರ ಇನ್ನೂ ಹಿಡಕೊಂತೈತಿ ಮಗಳ. ಅದರ ಹಟದ ಕಡಿಗೇ ಒಂದು ಕೂದಲೆಳೆಯಷ್ಟು ಹೋಗಬೇಕು. ಒಮ್ಮೆ ಅಲುಗಿದರ ಸಾಕು, ಆಮ್ಯಾಗ ನಾ ಹೇಳಿದಂಗ ಕೇಳತೈತಿ. ಮಾಡಲೋ, ಬಿಡಲೋ? ನೀ ಹೇಳು."

"ಮಾಡು" ಅಂದೆ.

ಮತ್ತೆ ಒತ್ತಿದಳು. ಅವಳ ಕತ್ತಿನ ನರ ಉಬ್ಬಿತು. ಟಿಕ್ ಅಂತ ಒಂದು ಸಣ್ಣ ಸದ್ದು. ಬಣ್ಣ ಬಿರಿದ ಸದ್ದು ಅದು, ನನಗೆ ಅದು ಕೇಳಿಸಿದ್ದು ಬೆರಳಿನ ಮೂಲಕ. ಕೂದಲೆಳೆಯಷ್ಟು ಎಡಕ್ಕೆ, ಕೂದಲೆಳೆಯಷ್ಟು ಬಲಕ್ಕೆ, ಮತ್ತೆ ಒಂದು ಹನಿ ಎಣ್ಣೆ, ಮತ್ತೆ ಎಡಕ್ಕೆ. ಕೊನೆಗೆ ಅದು ಸುತ್ತು ತಿರುಗಿತು. ಸ್ಕ್ರೂ ಕಳಚಿ ಅವಳ ಅಂಗೈಗೆ ಬಿತ್ತು, ಕವರಿನ ತುಂಡನ್ನು ಅವಳು ಬಾಗಿಲು ತೆರೆದಂತೆ ಹೊರಳಿಸಿದಳು. ಒಳಗೆ ನೋಡಬೇಡವೆಂದು ನನ್ನ ಮುಖವನ್ನು ಬೇರೆ ಕಡೆ ತಿರುಗಿಸಿದಳು. ಈಗ ಅವಳ ಕೈ ಸರಸರ ಓಡಿತು. ಗಾಲಿಯ ನಟ್ಟು ಸಡಿಲಿಸಿ, ಗಾಲಿಯನ್ನು ಬೇಕಾದ ಕಡೆಗೆ ಮಾತ್ರ ತುಸು ಸರಿಸಿ, ಅಡ್ಡ ಸಿಕ್ಕ ಚೈನು ಬಿಡಿಸಿ ಎತ್ತಿದಳು. ಬೆರಳು ತಾನಾಗಿ ಹೊರಗೆ ಬಂತು.

ಊರಿನ ಆಸ್ಪತ್ರೆಯವರು ದಾವಣಗೆರೆಗೆ ಕಳಿಸಿದರು. ಅಲ್ಲಿಯ ಡಾಕ್ಟರು ಹೊಲಿಗೆ ಹಾಕುತ್ತ, ಎಳೆದಿದ್ದರೆ ಬೆರಳಿನ ಮೇಲೆ ಚರ್ಮವೇ ಉಳಿಯುತ್ತಿರಲಿಲ್ಲ ಅಂದರು. ಉಗುರು ಮಾತ್ರ ಅಂದಿನಿಂದ ದಪ್ಪಗೆ, ಕೊಕ್ಕೆಯಂತೆ ಬಾಗಿ ಬೆಳೆಯುತ್ತದೆ. ಹಸಿರು ರವಿಕೆಯವರು ಬೇರೆ ಕಡೆ ಹೊಲಿಸಿಕೊಂಡರು, ಆದರೆ ಮುಂದಿನ ಮದುವೆ ಕಾಲಕ್ಕೆ ನನ್ನ ಬೆರಳು ಮತ್ತೆ ಮಷೀನಿನ ಕಾಲಿನ ಕೆಳಗೆ ಬಟ್ಟೆ ಸರಿಸುತ್ತಿತ್ತು.

ನನ್ನನ್ನು ಆಟೊ ಹತ್ತಿಸಿ ಕಳಿಸಿದ ಮೇಲೆ ನಡೆದದ್ದನ್ನು ಚಹದಂಗಡಿಯವರು ಹೇಳಿದರು. ದೊಡ್ಡವ್ವನಿಗೆ ಚಹ ಕೊಟ್ಟರೆ ಬಸಿ ಹಿಡಿಯಲು ಆಗಲಿಲ್ಲವಂತೆ. ಚಹವೆಲ್ಲ ಸೀರೆಯ ಮೇಲೆ ಚೆಲ್ಲಿತಂತೆ. ಪೆಟ್ಟಿಗೆಯ ಮೇಲೆ ಕೂತು ಸೆರಗು ಬಾಯಿಗೆ ಒತ್ತಿಕೊಂಡು ಬಹಳ ಹೊತ್ತು ಅತ್ತಳಂತೆ. ನಾನು ಕೇಳಿದಾಗ, "ಉಂಡ ಕೈ ತೊಳೆದಿರಲಿಲ್ಲ, ಖಾರ ಕಣ್ಣಿಗೆ ಹೋಗಿತ್ತು" ಅಂದಳು. ಅಪ್ಪ ಬಣ್ಣ ಬಳಿಯುವುದನ್ನು ಬಿಡಲಿಲ್ಲ, ಆದರೆ ಮುಂದಿನ ಆಯುಧ ಪೂಜೆಗೆ ಒಂದೊಂದು ಸ್ಕ್ರೂ ತಲೆಗೂ ಕಲಸಿದ ಹಿಟ್ಟು ಮೆತ್ತಿ, ಆಮೇಲೆ ಬಣ್ಣ ಹಚ್ಚಿ, ಹಿಟ್ಟು ಕಿತ್ತ ಮೇಲೆ ದೊಡ್ಡವ್ವನನ್ನು ಕರೆದು ತೋರಿಸಿದ. ಅವಳು ಬಾಗಿ ಬಾಗಿ ಎಲ್ಲ ನೋಡಿ, "ಈಗ ಬುದ್ಧಿ ಬಂತು" ಅಂದಳು. ಆ ಬೋಳು ತಲೆಯ ಸ್ಕ್ರೂ ನನ್ನ ಗುಂಡಿಗಳ ಡಬ್ಬಿಯಲ್ಲಿ ಈಗಲೂ ಇದೆ.

ದೊಡ್ಡವ್ವ ಹೋದ ಬೇಸಿಗೆಯಲ್ಲಿ ತೀರಿಕೊಂಡಳು. ಎದೆ ಹಿಡಿದಂತಾಗುತ್ತದೆ ಅಂದವಳು ಆಸ್ಪತ್ರೆ ಮುಟ್ಟಲಿಲ್ಲ. ಸುದ್ದಿ ಕೇಳಿ ನಾನು ಹೋಗುವ ಹೊತ್ತಿಗೆ ಸ್ನಾನ ಮಾಡಿಸಿ, ವಿಭೂತಿ ಹಚ್ಚಿ, ನಮ್ಮ ಕಡೆಯ ಪದ್ಧತಿಯಂತೆ ಗೋಡೆಗೆ ಒರಗಿಸಿ ಕೂಡಿಸಿದ್ದರು. ಮರದ ಪೆಟ್ಟಿಗೆಯ ಮೇಲೆ ಕೂಡುವಂತೆಯೇ ಕೂತಿದ್ದಳು. ಆದರೆ ಮೂಗಿನ ಪಕ್ಕ ಗ್ರೀಸಿನ ಗೆರೆ ಇರಲಿಲ್ಲ. ಅದಿಲ್ಲದ ಮುಖವನ್ನು ನಾನು ಹಗಲು ಹೊತ್ತಿನಲ್ಲಿ ನೋಡಿದ್ದೇ ಕಡಿಮೆ. ಅಲ್ಲಿಯ ತನಕ ಬಾರದ ಅಳು ಆಗ ಬಂತು.

ಹೊರಡಿಸುವ ಹೊತ್ತಾಗಿತ್ತು. ಬಿಸಿಲು ಏರುತ್ತಿತ್ತು. ಮೈಮೇಲಿನ ಬಂಗಾರವನ್ನೆಲ್ಲ ತೆಗೆದಿದ್ದರು, ಮೂಗುಬೊಟ್ಟೊಂದು ಉಳಿದಿತ್ತು. ಹಡಗಲಿಗೆ ಕೊಟ್ಟಿದ್ದ ಮಗಳು ಅದನ್ನು ತೆಗೆಯಲು ಹೋಗಿ ಮುಟ್ಟಲಾರದೆ ಹಿಂದೆ ಸರಿದಳು. ಅವಳ ಅತ್ತೆ ಹೊರಗಿನಿಂದ ಹರಳನ್ನು ಹಿಡಿದು ಎಳೆದು ನೋಡಿದರು. ಇನ್ನೊಬ್ಬರು ಎಳೆದರು. ಮೂಗಿನ ಹೊಳ್ಳೆ ಎದ್ದು ಬಂತೇ ಹೊರತು ಅದು ಬರಲಿಲ್ಲ. ಒಳಗಿನ ತಿರುಪನ್ನು ಹಿಡಿಯಲು ಸತ್ತವರ ಮೂಗಿನಲ್ಲಿ ಬೆರಳಿಡಬೇಕು, ಅದಕ್ಕೆ ಯಾರಿಗೂ ಧೈರ್ಯವಿಲ್ಲ.

"ಲಗ್ನದಾಗ ಹಾಕ್ಕೊಂಡಿದ್ದು. ಅವ್ವ ಅದನ್ನ ಬಿಚ್ಚಿದ್ದು ನಾ ಒಮ್ಮೆನೂ ನೋಡಿಲ್ಲ. ಕೊಳಿ ಕಟ್ಟಿ ಜಂಗು ಹಿಡಿದಂಗ ಕುಂತೈತಿ ಅದು" ಎಂದು ಮಗಳು ಅಳುತ್ತ ಅಂದಳು.

ಹಲವಾಗಲಿನಿಂದ ಬಂದಿದ್ದ ಹಿರಿಯರೊಬ್ಬರು ಬಾಗಿಲಲ್ಲಿ ನಿಂತು, "ಹೊತ್ತಾಗ್ತೈತಿ. ಆಕಿ ಅಂಗಡ್ಯಾಗೇ ಕಟಿಂಗ್ ಪ್ಲೇರ್ ಇರತೈತಿ, ತಂದು ಕಟ್ ಮಾಡ್ರಿ. ಇನ್ನೇನು ನೋವಾಗತೈತೇನು ಆಕಿಗೆ?" ಅಂದರು. ಅವರದೇನೂ ಕೆಟ್ಟ ಮನಸ್ಸಲ್ಲ. ದೊಡ್ಡವ್ವನ ಗಂಡ ಮೂಲೆಯಲ್ಲಿ ಕೂತು ತಲೆ ಎತ್ತಲಿಲ್ಲ. ಯಾರೋ ಪ್ಲೇರ್ ತಂದು ಆ ಹಿರಿಯರ ಕೈಗೆ ಕೊಟ್ಟೇಬಿಟ್ಟರು. ಹಿಡಿಗೆ ಅವಳೇ ಸುತ್ತಿದ್ದ ಟ್ಯೂಬಿನ ರಬ್ಬರು. ಅವರು ಅದನ್ನು ಅವಳ ಮುಖದ ಹತ್ತಿರ ತಂದದ್ದನ್ನು ಕಂಡು ನಾನು ನಡುವೆ ಕೈ ಅಡ್ಡ ಚಾಚಿದೆ.

"ಎಳೀಬ್ಯಾಡ್ರಿ! ಯಾರೂ ಎಳೀಬ್ಯಾಡ್ರಿ!" ಅಂದೆ. ಎಲ್ಲರೂ ತಿರುಗಿ ನೋಡಿದರು. "ನಾ ಬಿಚ್ತೀನಿ. ಒಂದು ಗಳಿಗಿ ತಡೀರಿ."

"ನಿನ್ನ ಕೈಲಿ ಆಗತೈತೇನವ್ವ?" ಅಂದರು ಹಿರಿಯರು. ಪ್ಲೇರ್ ಕೆಳಗಿಡಲಿ ಎಂದು ನಾನು ಅವರನ್ನೇ ನೋಡುತ್ತ ನಿಂತೆ. ಇಟ್ಟರು.

ಅವಳ ಎದುರು ಕೂತೆ. ಎಡಗೈಯಿಂದ ಹೊರಗಿನ ಹರಳು ಹಿಡಿದು, ಬಲಗೈ ತೋರುಬೆರಳನ್ನು ಹೊಳ್ಳೆಯೊಳಗೆ ಇಟ್ಟೆ. ತಣ್ಣಗಿತ್ತು. ತಿರುಪು ಸಾಸಿವೆಕಾಳಿನಷ್ಟು, ನನ್ನ ಬಾಗಿದ ಉಗುರಿಗೆ ಅದರ ಅಂಚು ಸಿಕ್ಕಿತು. ಕೊಳೆ ಕಟ್ಟಿ ವರ್ಷಗಳಾಗಿದ್ದರೆ ಇದು ಬರಲಿಕ್ಕಿಲ್ಲ, ಉಗುರು ಜಾರಿದರೆ ಅವರು ಮತ್ತೆ ಪ್ಲೇರ್ ಎತ್ತಿಕೊಳ್ಳುತ್ತಾರೆ. ಹಿಂದೆ ನಿಂತವರ ಉಸಿರು ಕೇಳುತ್ತಿತ್ತು. ನೋವಾದರೆ ಬೈ ದೊಡ್ಡವ್ವ ಎಂದು ಮನಸ್ಸಿನಲ್ಲೇ ಅಂದುಕೊಂಡು, ಅವಳು ಕಲಿಸಿದಂತೆ ಮೊದಲು ಬಲಕ್ಕೆ, ಬಿಗಿಯುವ ಕಡೆಗೆ, ಕೂದಲೆಳೆಯಷ್ಟು ತಿರುಗಿಸಿದೆ. ಎಡಕ್ಕೆ ತಿರುಗಿಸಿದೆ.

ಅದು ತಿರುಗಿತು. ಒಂದಿಷ್ಟೂ ಗೊಣಗಲಿಲ್ಲ, ಹಿಡಿಯಲಿಲ್ಲ. ಬೆಣ್ಣೆಯಲ್ಲಿ ತಿರುಗಿದಂತೆ ತಿರುಗಿ ನನ್ನ ಬೆರಳ ತುದಿಗೆ ಬಂದು ನಿಂತಿತು. ಮೂಗುಬೊಟ್ಟು ಹೊರಗಿನಿಂದ ಸಲೀಸಾಗಿ ನನ್ನ ಎಡಗೈಗೆ ಜಾರಿತು.

ಕಿಟಕಿಯ ಬೆಳಕಿಗೆ ಹಿಡಿದೆ. ಕೊಳೆಯ ಸುಳಿವೇ ಇಲ್ಲ. ಅದರ ಸಣ್ಣ ಮರೆಗಳ ತುಂಬ ಎಣ್ಣೆ ಮಿನುಗುತ್ತಿತ್ತು. ದಪ್ಪ ಎಣ್ಣೆಯಲ್ಲ, ತೆಳ್ಳನೆಯದು. ಬೆರಳನ್ನು ಮೂಗಿಗೆ ತಂದು ನೋಡಿದೆ. ನನ್ನ ಮಷೀನಿನ ಎಣ್ಣೆ. ಹಿಂದಿನ ದಿನ ಸೋಮವಾರವಾಗಿತ್ತು. ತಲೆಸ್ನಾನ ಮಾಡಿ ಬಂದು ಕಿರುಬೆರಳು ಚಾಚಿದ್ದಳು, ಇವಳ ಕಾಟವೇ ಆಯಿತಲ್ಲ ಎಂದು ನಾನು ಹನಿಸಿದ್ದೆ.

"ಅಷ್ಟು ಸರಳ ಹೆಂಗ ಬಂತಕ್ಕ?" ಎಂದಳು ಮಗಳು. ನಾನು ಹರಳನ್ನೂ ತಿರುಪನ್ನೂ ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಂಡೆ.

ಮೂಗುಬೊಟ್ಟನ್ನು ಮಗಳ ಕೈಗೆ ಆ ದಿನವೇ ಕೊಡಲಿಲ್ಲ, ನಾಲ್ಕು ದಿನ ಇರಲೆಂದು ಕೇಳಿ ನನ್ನ ಹತ್ತಿರ ಇಟ್ಟುಕೊಂಡೆ. ಕಾರ್ಯವೆಲ್ಲ ಮುಗಿದು ಅವಳು ಹಡಗಲಿಗೆ ಹೊರಟ ದಿನ ಅಂಗಡಿಗೆ ಬಂದಳು. ಅವಳೆದುರಿಗೇ ಎಣ್ಣೆಯ ಬಾಟಲಿ ತೆಗೆದು, ತಿರುಪಿನ ಮರೆಗೆ ಒಂದು ಹನಿ ಬಿಟ್ಟು, ಹರಳಿಗೆ ಕೂಡಿಸಿ ಕೊಟ್ಟೆ.

"ಎಣ್ಣಿ ಯಾಕಕ್ಕ? ಹೊಸದರಂಗ ಐತಲ್ಲ" ಅಂದಳು.

"ನಾಳಿ ಇದನ್ನ ಬಿಚ್ಚೋರು ಯಾರೋ ಏನೋ" ಅಂದೆ.